ಸಣ್ಣ ತಳಿ ಮರಿ ಎಷ್ಟು ದೊಡ್ಡದಾಗುತ್ತೆ? ಅಂದಾಜು ತಪ್ಪಿದಾಗ ಎಲ್ಲಿಂದ ಶುರು ಮಾಡಿ ನೋಡ್ಬೇಕು

ಸಣ್ಣ ತಳಿ ನಾಯಿಮರಿ ಮನೆಗೆ ತಂದವರು ಕೇಳೋದು ಎರಡೇ ಪ್ರಶ್ನೆ. ಇದು ಇನ್ನೂ ಎಷ್ಟು ಬೆಳೆಯುತ್ತೆ? ಇಲ್ಲಾಂದ್ರೆ, ಇದ್ಯಾಕೆ ಬೆಳೀತಾನೇ ಇಲ್ಲ? ಒಂದು ದಿನದ ತೂಕ ನೋಡಿ ಎರಡಕ್ಕೂ ಉತ್ತರ ಹೇಳೋಕಾಗಲ್ಲ, ವಾರಕ್ಕೊಂದ್ಸಲ ತೂಕ ಮಾಡಿ ಸಾಲಾಗಿ ಬರೆದಿಟ್ರೆ ಮಾತ್ರ ಗೊತ್ತಾಗುತ್ತೆ. ಮರಿ ಚಿಕ್ಕದಿದ್ರೂ ಅದರದ್ದೇ ಲಯದಲ್ಲಿ ಏರ್ತಾ ಇದ್ರೆ ಬಹುತೇಕ ಏನೂ ತೊಂದ್ರೆ ಇರಲ್ಲ, ದಪ್ಪಗೆ ಚೆನ್ನಾಗಿ ಕಾಣ್ತಿದ್ರೂ ಏರಿಕೆ ನಿಂತಿದ್ರೆ ಏನೋ ಇದೆ ಅಂತ ಅರ್ಥ.

ಕೆಳಗಿನದನ್ನ ಓದೋಕೆ ಮುಂಚೆ ಒಂದು ಮಾತು. ಮರಿ ತೂರಾಡ್ತಿದ್ರೆ, ಎಬ್ಬಿಸಿದ್ರೂ ಏಳದೆ ಮಂಕಾಗಿ ಬಿದ್ದಿದ್ರೆ, ಫಿಟ್ಸ್ ಬಂದ್ರೆ, ಒಸಡು ಬಿಳಿಚಿಕೊಂಡಿದ್ರೆ, ಪದೇ ಪದೇ ವಾಂತಿ ಆಗ್ತಿದ್ರೆ, ಬೇಧಿಯಲ್ಲಿ ರಕ್ತ ಇದ್ರೆ ಇಲ್ಲಿ ಕೂತು ಕಾರಣ ಹುಡುಕ್ಬೇಡಿ, ಸೀದಾ ವೆಟ್ (ಪ್ರಾಣಿ ಡಾಕ್ಟರ್) ಹತ್ರ ಹೋಗಿ. ಎರಡು ಕೆಜಿ ಕೂಡ ಇಲ್ಲದ ಮರಿಗೆ ಅರ್ಧ ದಿನ ಅನ್ನೋದು ತುಂಬಾ ದೊಡ್ಡ ಸಮಯ.

ಮೊದಲು ತಕ್ಕಡಿ, ಆಮೇಲೆ ಹಲ್ಲು

ಖರ್ಚಿಲ್ಲದ ಚೆಕ್ ಇವೆರಡೇ, ಮತ್ತೆ ಅರ್ಧಕ್ಕರ್ಧ ಗೊಂದಲ ಇಲ್ಲೇ ಮುಗಿದುಹೋಗುತ್ತೆ. ಮನುಷ್ಯರು ನಿಲ್ಲೋ ತಕ್ಕಡಿ ಮೇಲೆ ಮರಿನ ಎತ್ಕೊಂಡು ನಿಂತು, ಆಮೇಲೆ ನಮ್ಮ ತೂಕ ಕಳೆಯೋದು ದೊಡ್ಡ ನಾಯಿಗೆ ಸರಿ. ಒಂದೂವರೆ ಕೆಜಿ ಮರಿಗೆ ಅದು ನಡೆಯಲ್ಲ, ಯಾಕಂದ್ರೆ ಆ ತಕ್ಕಡಿ ನೂರು ಗ್ರಾಂ ಆಚೆ ಈಚೆ ತೋರ್ಸಿದ್ರೂ ನಮಗೆ ಗೊತ್ತಾಗಲ್ಲ, ಈ ಮರಿ ವಾರಕ್ಕೆ ಏರೋದೇ ಅಷ್ಟು. ಅಡುಗೆಮನೆಯ ಗ್ರಾಂ ತಕ್ಕಡಿ ಮೇಲೆ ಒಂದು ಡಬ್ಬ ಇಟ್ಟು ಸೊನ್ನೆ ಮಾಡಿ, ಒಳಗೆ ಒಂದು ಬಟ್ಟೆ ಹಾಕಿ (ಬಟ್ಟೆನೂ ಸೇರಿಸಿ ಸೊನ್ನೆ ಮಾಡೋದು ಮರೀಬೇಡಿ), ಬೆಳಗ್ಗೆ ಊಟಕ್ಕೆ ಮುಂಚೆ, ಕಕ್ಕ ಸುಸ್ಸು ಆದ್ಮೇಲೆ, ವಾರದಲ್ಲಿ ಅದೇ ದಿನ ತೂಗಿ. ಹೊಟ್ಟೆ ತುಂಬಿದಾಗ ಒಂದ್ಸಲ, ಖಾಲಿ ಇದ್ದಾಗ ಒಂದ್ಸಲ ತೂಗಿ "ತೂಕ ಇಳಿದೋಯ್ತು" ಅಂತ ಗಾಬರಿಯಾಗೋರು ಬಹಳ ಜನ.

ಇನ್ನು ವಯಸ್ಸು. ಕೊಟ್ಟವರು ಎಂಟು ವಾರ ಅಂದ್ರು ಅಂತ ಎಂಟು ವಾರ ಅಂದ್ಕೋಬೇಡಿ, ಬಾಯಿ ತೆಗೆದು ನೋಡಿ. ಹಾಲುಹಲ್ಲು ಮೂರ್ನಾಲ್ಕು ವಾರಕ್ಕೆ ಚುಚ್ಚಿಕೊಂಡು ಬರೋಕೆ ಶುರುವಾಗಿ ಹೆಚ್ಚುಕಮ್ಮಿ ಎಂಟು ವಾರದೊಳಗೆ ಒಟ್ಟು 28 ಬಂದಿರ್ತವೆ, ಸೂಜಿ ಥರ ಚೂಪು. ಮುಂದಿನ ಪುಟ್ಟ ಹಲ್ಲುಗಳು ಬಿದ್ದು ಅಗಲವಾದ ಬಿಳಿ ಹಲ್ಲು ಬರ್ತಿದ್ರೆ ಮರಿಗೆ ಮೂರೂವರೆಯಿಂದ ನಾಲ್ಕು ತಿಂಗಳು ಆಗಿದೆ ಅಂತ ಲೆಕ್ಕ. ಕೋರೆಹಲ್ಲು ಬದಲಾಗೋದು ಐದಾರು ತಿಂಗಳಿಗೆ, ಆರೇಳು ತಿಂಗಳಿಗೆ 42 ಹಲ್ಲೂ ಬಂದಿರುತ್ತೆ. ಸಣ್ಣ ತಳಿಗಳಲ್ಲಿ ಹಾಲಿನ ಕೋರೆಹಲ್ಲು ಬೀಳದೆ ಹೊಸದರ ಪಕ್ಕದಲ್ಲೇ ನಿಂತಿರೋದು ಮಾಮೂಲಿ, ಹಾಗಾಗಿ ಬರೀ ಕೋರೆ ನೋಡಿ ವಯಸ್ಸು ಹೇಳ್ಬೇಡಿ, ಮುಂದಿನ ಹಲ್ಲು ನೋಡಿ.

ವಯಸ್ಸು ಇಷ್ಟು ಮುಖ್ಯ ಯಾಕೆ ಅಂದ್ರೆ, 1.2 ಕೆಜಿ ತೂಗೋ ಮರಿಗೆ ಎಂಟು ವಾರ ಅಂದ್ಕೊಂಡು ಲೆಕ್ಕ ಹಾಕೋದಕ್ಕೂ ಹನ್ನೆರಡು ವಾರ ಅಂದ್ಕೊಂಡು ಹಾಕೋದಕ್ಕೂ ಉತ್ತರ ಅಜಗಜಾಂತರ. ಮಾರೋವಾಗ ವಯಸ್ಸು ಹೆಚ್ಚು ಹೇಳಿದ್ರೆ ಮರಿ "ತುಂಬಾ ಸಣ್ಣ ಸೈಜು" ಅನ್ನಿಸುತ್ತೆ, ಇದು ಗೊತ್ತಿದ್ದೇ ಮಾಡೋರೂ ಇದ್ದಾರೆ.

"ಒಂದೊಂದು ಸೂತ್ರಕ್ಕೆ ಒಂದೊಂದು ಉತ್ತರ ಬರ್ತಿದೆ"

ಬರುತ್ತೆ. ಎಲ್ಲರೂ ಹೇಳೋ ಸೂತ್ರ, ಈಗಿನ ತೂಕನ ವಾರದ ವಯಸ್ಸಿನಿಂದ ಭಾಗಿಸಿ 52ರಿಂದ ಗುಣಿಸೋದು. ಮರಿ ವರ್ಷಪೂರ್ತಿ ಒಂದೇ ವೇಗದಲ್ಲಿ ಬೆಳೆಯುತ್ತೆ ಅನ್ನೋ ಲೆಕ್ಕ ಅದು. ಸಣ್ಣ ತಳಿ ಹಾಗೆ ಬೆಳೆಯಲ್ಲ, ಮೊದಲ ನಾಲ್ಕು ತಿಂಗಳು ಓಡಿ ಓಡಿ ಬೆಳೆದು ಆಮೇಲೆ ನಿಧಾನ ಆಗಿ, ಎಂಟರಿಂದ ಹತ್ತು ತಿಂಗಳಿಗೆಲ್ಲ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಅದಕ್ಕೇ ಈ ಸೂತ್ರ ಸಣ್ಣ ಮರಿಗೆ ಯಾವಾಗ್ಲೂ ಜಾಸ್ತಿ ಹೇಳೋದು. 16 ವಾರಕ್ಕೆ 1.8 ಕೆಜಿ ಇರೋ ಮರಿ ತಗೊಳ್ಳಿ, ಸೂತ್ರದ ಪ್ರಕಾರ 5.85 ಕೆಜಿ ಆಗ್ಬೇಕು. ಆದ್ರೆ ಸಣ್ಣ ತಳಿ ಮರಿ ಹದಿನಾಲ್ಕರಿಂದ ಹದಿನಾರು ವಾರಕ್ಕೆ ತನ್ನ ಪೂರ್ತಿ ತೂಕದ ಸುಮಾರು ಅರ್ಧ ಮುಟ್ಟಿರುತ್ತೆ, ಆ ಲೆಕ್ಕದಲ್ಲಿ 3.6 ಕೆಜಿ ಆಸುಪಾಸು. ಎರಡನೇದೇ ನಿಜಕ್ಕೆ ಹತ್ರ.

ಹಾಗಾಗಿ ನಾನು ಹೇಳೋದು, ನಾಲ್ಕು ತಿಂಗಳು ಆಗೋವರೆಗೂ ಕಾಯಿರಿ, ಆಗಿನ ತೂಕ ಡಬಲ್ ಮಾಡಿ, ಮೇಲೆ ಕೆಳಗೆ ಸ್ವಲ್ಪ ಜಾಗ ಬಿಡಿ. ಅಷ್ಟು ತಾಳ್ಮೆ ಇಲ್ಲಾಂದ್ರೆ ತೀರಾ ಪುಟಾಣಿ ತಳಿಗಳಿಗೆ ಆರು ವಾರದ ತೂಕನ ಡಬಲ್ ಮಾಡಿ, ಮತ್ತೆ ಡಬಲ್ ಮಾಡೋ ಒಂದು ಹಳೇ ಲೆಕ್ಕ ಇದೆ, 600 ಗ್ರಾಂ ಇದ್ರೆ 2.4 ಕೆಜಿ, ಆದ್ರೆ ಆರು ವಾರದಲ್ಲಿ ತಾಯಿ ಹಾಲು ಯಾರಿಗೆ ಜಾಸ್ತಿ ಸಿಕ್ತು ಅನ್ನೋದೇ ತೂಕ ತೀರ್ಮಾನ ಮಾಡಿರುತ್ತೆ. ಅದನ್ನ ನಂಬಿ ಬೆಲ್ಟು ಬೋನು ತಗೋಬೇಡಿ.

ಇದೆಲ್ಲಕ್ಕಿಂತ ಒಳ್ಳೇದು ಬೆಳವಣಿಗೆ ಚಾರ್ಟ್. ವಾಲ್ಥಮ್ ಚಾರ್ಟ್‌ಗಳು ಅಂತ ಇವೆ, 2017ರಲ್ಲಿ ಪ್ರಕಟ ಆದ ಕೆಲಸದ ಮೇಲೆ ಮಾಡಿರೋದು, ಗಂಡಿಗೆ ಬೇರೆ ಹೆಣ್ಣಿಗೆ ಬೇರೆ, 12 ವಾರದಿಂದ ಶುರುವಾಗುತ್ತೆ. ದೊಡ್ಡದಾದ್ಮೇಲೆ 6.5 ಕೆಜಿ ಒಳಗೆ ಬರೋ ನಾಯಿಗಳಿಗೆ ಒಂದು ಚಾರ್ಟು, 6.5ರಿಂದ 9 ಕೆಜಿಗೆ ಇನ್ನೊಂದು. ಬಾಗಿದ ಗೆರೆಗಳ ಮಧ್ಯೆ ನಿಮ್ಮ ಮರಿಯ ಚುಕ್ಕಿ ಇಡ್ತಾ ಹೋಗೋದಷ್ಟೇ. ಚುಕ್ಕಿಗಳು ಯಾವ ಗೆರೆ ಪಕ್ಕ ಹೋಗ್ತಿವೆಯೋ ಅದೇ ಗೆರೆ ಹಿಡ್ಕೊಂಡು ಮುಂದೆ ಹೋದ್ರೆ ಕೊನೆ ತೂಕ ಸಿಗುತ್ತೆ. ಎಲ್ಲಕ್ಕಿಂತ ಕೆಳಗಿನ ಗೆರೆಯಲ್ಲಿದೆ ಅಂತ ಬೇಜಾರಾಗ್ಬೇಡಿ, ಅದು ರೋಗ ಅಲ್ಲ. ಒಂದು ಗೆರೆಯಿಂದ ಪಕ್ಕದ ಗೆರೆಗೆ ಜಾರಿದ್ರೆ ಗಮನ ಇಟ್ಟು ನೋಡಿ, ಎರಡು ಗೆರೆ ದಾಟಿದ್ರೆ ವೆಟ್‌ಗೆ ತೋರ್ಸಿ. ಕೆಳಗೆ ಜಾರಿದ್ರೂ ಅಷ್ಟೇ, ಮೇಲೆ ಹಾರಿದ್ರೂ ಅಷ್ಟೇ.

"ಹೇಳಿದ್ದಕ್ಕಿಂತ ದೊಡ್ಡದಾಗ್ತಿದೆ"

ಮೊದಲು ಕೂದಲು ಒದ್ದೆ ಮಾಡಿ. ತಮಾಷೆ ಅಲ್ಲ, ಪೊಮೇರಿಯನ್ನು ಶಿಟ್ಸು ಥರದ ಮರಿಗಳಿಗೆ ಸ್ನಾನ ಮಾಡಿಸ್ತಿದ್ದಾಗ ಎತ್ಕೊಂಡು ನೋಡಿದ್ರೆ ಅರ್ಧ ನಾಯಿ ಮಾಯವಾಗಿರುತ್ತೆ, ಕೈಗೆ ಸಿಗೋದು ಕೋಲಿನಂಥ ಕಾಲು ಮತ್ತೆ ಬೆರಳಿಗೆ ತಾಗೋ ಪಕ್ಕೆಲುಬು. ಆಗ ಕಾಣೋ ಆಕಾರನೇ ನಿಜವಾದ ಸೈಜು. ಇದಕ್ಕೆ ಉಲ್ಟಾನೂ ಆಗುತ್ತೆ, ಪೊಮೇರಿಯನ್ ಮರಿಗೆ ನಾಲ್ಕರಿಂದ ಆರು ತಿಂಗಳಲ್ಲಿ ಮರಿಗೂದಲು ಉದುರಿ ಬಡಕಲು ನರಿ ಥರ ಕಾಣೋಕೆ ಶುರುವಾದಾಗ ಸಣ್ಣಗಾಗೋಯ್ತು ಅಂತ ಓಡಿ ಬರ್ತಾರೆ, ತೂಕ ನೋಡಿದ್ರೆ ಸರಿಯಾಗೇ ಇರುತ್ತೆ.

ಆಮೇಲೆ ಪಕ್ಕೆಲುಬು ಮುಟ್ಟಿ ನೋಡಿ. ಹಗುರವಾಗಿ ಬೆರಳು ಆಡಿಸಿದ್ರೆ ಪಕ್ಕೆಲುಬು ಸಿಗ್ಬೇಕು, ಮೇಲಿಂದ ನೋಡಿದ್ರೆ ಸೊಂಟ ಕಾಣ್ಬೇಕು. ಒತ್ತಿ ಹುಡುಕಬೇಕು ಅಂದ್ರೆ ಮರಿ ದೊಡ್ಡದಾಗ್ತಿಲ್ಲ, ದಪ್ಪ ಆಗ್ತಿದೆ. ಎರಡೂ ಬೇರೆ ಬೇರೆ ಸಮಸ್ಯೆ.

ಪಕ್ಕೆಲುಬು ಸರಿಯಾಗಿದ್ದು, ಎತ್ತರನೂ ಜಾಸ್ತಿ ಆಗ್ತಿದ್ರೆ ಬಹುಶಃ ತಳಿ ನೀವಂದ್ಕೊಂಡಿದ್ದು ಅಲ್ಲ, ಇಲ್ಲಾ ಮಿಶ್ರ. ಅಂದಾಜಿಗೆ ಇರ್ಲಿ ಅಂತ ಕೆಲವು ಅಂಕಿ ಹೇಳ್ತೀನಿ. ಅಮೆರಿಕನ್ ಕೆನಲ್ ಕ್ಲಬ್ ಪ್ರಕಾರ ಚಿಹುವಾಹುವಾ 2.7 ಕೆಜಿ ದಾಟಬಾರದು, ಪೊಮೇರಿಯನ್ 1.4ರಿಂದ 3.2, ಯಾರ್ಕ್‌ಶೈರ್ ಟೆರಿಯರ್ 3.2 ಒಳಗೆ, ಶಿಟ್ಸು 4ರಿಂದ 7.25, ಪಗ್ 6.3ರಿಂದ 8.2 ಕೆಜಿ. ಇವು ಶೋ ನಾಯಿಗಳಿಗೆ ಇಟ್ಟ ಅಳತೆ, ಮನೆಯಲ್ಲಿ ಸಾಕೋ ಎಷ್ಟೋ ಆರೋಗ್ಯವಂತ ನಾಯಿಗಳು ಇದನ್ನ ದಾಟಿರ್ತವೆ, ಅದು ತಪ್ಪೇನಲ್ಲ. ಗೊಂದಲ ಜಾಸ್ತಿ ಆಗೋದು ಒಂದೇ ತಳಿಯಲ್ಲಿ ಎರಡು ಮೂರು ಸೈಜು ಇರೋ ಕಡೆ. ಪೂಡಲ್‌ನಲ್ಲಿ ಟಾಯ್ ಇದೆ ಮಿನಿಯೇಚರ್ ಇದೆ, ಡ್ಯಾಶ್‌ಹಂಡ್‌ನಲ್ಲಿ ಮಿನಿಯೇಚರ್ 5 ಕೆಜಿ ಒಳಗೆ, ಸ್ಟ್ಯಾಂಡರ್ಡ್ 7ರಿಂದ 14 ಕೆಜಿ ವರೆಗೂ ಹೋಗುತ್ತೆ, ಸ್ಪಿಟ್ಜ್ ಜಾತಿಯ ದೊಡ್ಡ ಅಣ್ಣಂದಿರ ಮರಿಗಳು ಎರಡು ತಿಂಗಳಲ್ಲಿ ಪೊಮೇರಿಯನ್ ಥರಾನೇ ಕಾಣ್ತವೆ.

ಅಪ್ಪ ಅಮ್ಮನ ನೋಡೋಕಾದ್ರೆ ಅದಕ್ಕಿಂತ ಒಳ್ಳೇ ಸುಳಿವಿಲ್ಲ. ಇಬ್ಬರನ್ನೂ ನೋಡಿ, ಅಮ್ಮನ್ನ ಮಾತ್ರ ಅಲ್ಲ, ಮರಿ ಅಪ್ಪನ ಮೇಲೂ ಹೋಗ್ಬಹುದು. ಸಾಧ್ಯ ಇದ್ರೆ ಅದೇ ಜೋಡಿಯ ಹಿಂದಿನ ಸೂಲಿನ ಮರಿಗಳು ಈಗ ಎಷ್ಟಿವೆ ಅಂತ ಕೇಳಿ. ಮಿಶ್ರ ತಳಿಗೆ ಡಿಎನ್ಎ ಟೆಸ್ಟ್ ಮಾಡಿಸ್ಬಹುದು, ನಾಯಿಯ ಗಾತ್ರ ತೀರ್ಮಾನ ಮಾಡೋ ಜೀನ್‌ಗಳು ಸಾಕಷ್ಟು ಗೊತ್ತಾಗಿವೆ (ಸಣ್ಣ ನಾಯಿಗಳಲ್ಲಿ ಐಜಿಎಫ್1 ಜೀನ್‌ನ ಪಾತ್ರ ತೋರ್ಸಿದ್ದು 2007ರಲ್ಲಿ), ಆದ್ರೆ ಬರೀ ಕುತೂಹಲಕ್ಕೆ ಅಂದ್ರೆ ಇನ್ನೆರಡು ತಿಂಗಳು ಕಾದ್ರೆ ಉತ್ತರ ಫ್ರೀಯಾಗಿ ಸಿಗುತ್ತೆ.

"ಪಾದ ದೊಡ್ಡದಿದೆ, ಕಿವಿ ದೊಡ್ಡದಿದೆ, ಹಾಗಾದ್ರೆ..."

ಏನೂ ಅರ್ಥ ಇಲ್ಲ. ಡ್ಯಾಶ್‌ಹಂಡ್ ಪಾದ ನೋಡಿ ಯಾರಾದ್ರೂ ಎತ್ತರ ಹೇಳ್ತಾರಾ? ನಾಲ್ಕೈದು ತಿಂಗಳಲ್ಲಿ ಕಾಲು ಮೊದಲು ಉದ್ದ ಆಗಿ ಮೈ ಆಮೇಲೆ ತುಂಬುತ್ತೆ, ಆ ಹೊತ್ತಲ್ಲಿ ಎಲ್ಲಾ ಮರಿನೂ ಲೆಕ್ಕ ತಪ್ಪಿದ ಹಾಗೇ ಕಾಣೋದು. ಸೂಲಿನಲ್ಲಿ ಎಲ್ಲಕ್ಕಿಂತ ಸಣ್ಣದಾಗಿದ್ದ ಮರಿ ದೊಡ್ಡದಾದ್ಮೇಲೂ ಸಣ್ಣದಾಗೇ ಇರುತ್ತೆ ಅನ್ನೋದೂ ಗ್ಯಾರಂಟಿ ಇಲ್ಲ.

"ಎರಡು ವಾರದಿಂದ ತೂಕ ಏರಿಲ್ಲ"

ಇಲ್ಲಿ ಮೊದಲ ಪ್ರಶ್ನೆ ವಯಸ್ಸು. ಒಂಬತ್ತು ತಿಂಗಳ ಮರಿಯಾದ್ರೆ ಬೆಳೆದು ಮುಗಿದಿದೆ, ಸುಮ್ನೆ ಇರಿ. ಹತ್ತು ವಾರದ ಮರಿಯಾದ್ರೆ ಒಂದು ವಾರ ನಿಂತಿದ್ರೂ ಯೋಚನೆ ಮಾಡೋ ವಿಷಯ. ಬೆಳೆಯೋ ಮರಿ ದಿನಕ್ಕೆ, ಅದು ಮುಂದೆ ಆಗೋ ತೂಕದ ಪ್ರತಿ ಕೆಜಿಗೆ 2ರಿಂದ 4 ಗ್ರಾಂ ಏರ್ಬೇಕು ಅನ್ನೋದು ಒಂದು ಒಳ್ಳೇ ಅಂದಾಜು. 4 ಕೆಜಿ ಆಗೋ ಮರಿಗೆ ದಿನಕ್ಕೆ 8ರಿಂದ 16 ಗ್ರಾಂ, ವಾರಕ್ಕೆ ಐವತ್ತು ಚಿಲ್ಲರೆಯಿಂದ ನೂರು ಚಿಲ್ಲರೆ. ಐದು ತಿಂಗಳು ದಾಟಿದ್ಮೇಲೆ ಇದು ತಾನಾಗೇ ಕಮ್ಮಿ ಆಗುತ್ತೆ.

ಏರ್ತಿಲ್ಲ ಅಂದ್ರೆ ಮೊದಲು ತಟ್ಟೆ ನೋಡಿ. ಪ್ಯಾಕೆಟ್ ಮೇಲೆ ಮರಿಗಳಿಗೆ ಅಂತ ಬರೆದಿದೆಯಾ, ಇಲ್ಲಾ ದೊಡ್ಡ ನಾಯಿ ಊಟನಾ? ಅಳತೆ ಗ್ರಾಂನಲ್ಲಿ ಹಾಕ್ತಿದ್ದೀರಾ ಇಲ್ಲಾ ಕಣ್ಣಂದಾಜಲ್ಲಾ? ದಿನಕ್ಕೆ ಎಷ್ಟು ಸಲ? ಹನ್ನೆರಡು ವಾರದೊಳಗಿನ ಪುಟಾಣಿ ಮರಿಗೆ ನಾಲ್ಕು ಸಲವಾದ್ರೂ ಬೇಕು, ಅದರ ಹೊಟ್ಟೆ ಅಷ್ಟೇ ಅಷ್ಟು, ಎರಡೇ ಸಲ ಹಾಕಿದ್ರೆ ತಿನ್ನೋಕೆ ಜಾಗ ಇರಲ್ಲ. ಮನೆಯಲ್ಲಿ ಇನ್ನೊಂದು ನಾಯಿ ಇದ್ರೆ ತಟ್ಟೆ ಯಾರು ಖಾಲಿ ಮಾಡ್ತಿದ್ದಾರೆ ಅಂತ ನಿಂತು ನೋಡಿ. ಕಿಬ್ಬಲ್ (ಪ್ಯಾಕೆಟ್‌ನ ಒಣ ಕಾಳಿನಂಥ ಊಟ) ಗಾತ್ರ ನೋಡಿ, ಹಲ್ಲು ಬದಲಾಗೋ ಹೊತ್ತಲ್ಲಿ ಬಾಯಿ ನೋವಿಗೆ ಕಡಿಯೋಕಾಗದೆ ಬಿಟ್ಟುಬಿಡ್ತವೆ, ಬೆಚ್ಚಗಿನ ನೀರಲ್ಲಿ ನೆನೆಸಿ ಕೊಟ್ರೆ ಅದೇ ದಿನ ಸರಿಹೋಗುತ್ತೆ.

ಊಟ ಸರಿ ಮಾಡಿ ಒಂದು ವಾರ ಕೊಡಿ. ಅಷ್ಟರಲ್ಲಿ ತಕ್ಕಡಿ ಮೇಲೆ ಏರಿಲ್ಲ ಅಂದ್ರೆ ವೆಟ್‌ಗೆ ತೋರ್ಸಿ, ಇಳಿದಿದೆ ಅಂದ್ರೆ ವಾರ ಆಗೋದನ್ನೂ ಕಾಯ್ಬೇಡಿ. ಆ ತೂಕದ ಚೀಟಿನೂ ತಗೊಂಡು ಹೋಗಿ, "ಯಾಕೋ ಸಣ್ಣ ಆಗಿದೆ" ಅನ್ನೋ ಮಾತಿಗಿಂತ ಅದು ವೆಟ್‌ಗೆ ಹತ್ತು ಪಾಲು ಉಪಯೋಗ.

"ಹೊಟ್ಟೆ ಮಾತ್ರ ಡುಮ್ಮಗಿದೆ, ಬೆನ್ನಮೂಳೆ ಕೈಗೆ ಸಿಗುತ್ತೆ"

ಜಂತುಹುಳ. ಬೇರೆ ಕಾರಣನೂ ಇರ್ಬಹುದು, ಆದ್ರೆ ಮೊದಲ ಅನುಮಾನ ಇದೇ. ಟಾಕ್ಸೊಕಾರಾ ಅನ್ನೋ ದುಂಡುಹುಳ ತಾಯಿ ಹೊಟ್ಟೆಯಲ್ಲಿದ್ದಾಗಲೇ ಮರಿಗೆ ಬಂದುಬಿಡುತ್ತೆ, ಆದ್ದರಿಂದ ಮರಿ ಹೊರಗೆ ಕಾಲೇ ಇಟ್ಟಿಲ್ಲ ಅನ್ನೋ ವಾದ ನಡೆಯಲ್ಲ. ಸಾಮಾನ್ಯವಾಗಿ ಎರಡು ವಾರದಿಂದ ಎಂಟು ವಾರದ ತನಕ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಡೀವರ್ಮಿಂಗ್ ಮಾಡ್ತಾರೆ. ಡೋಸ್ ಮಾತ್ರ ಆ ದಿನದ ತೂಕ ನೋಡಿ ವೆಟ್ ಹೇಳಿದಷ್ಟೇ, ದೊಡ್ಡ ನಾಯಿ ಮಾತ್ರೆನ ಮುರಿದು ಕೊಡೋ ಕೆಲಸ ಬೇಡ. ಔಷಧಿ ಹಾಕಿದ್ಮೇಲೂ ಬೇಧಿ ನಿಲ್ಲದೆ ತೂಕ ಏರದೆ ಇದ್ರೆ ತಾಜಾ ಕಕ್ಕ ಒಂದು ಡಬ್ಬಿಯಲ್ಲಿ ಹಾಕ್ಕೊಂಡು ಹೋಗಿ ಟೆಸ್ಟ್ ಮಾಡಿಸಿ, ಕಾಕ್ಸಿಡಿಯಾ (ಕರುಳಲ್ಲಿ ಸೇರ್ಕೊಳ್ಳೋ, ಕಣ್ಣಿಗೆ ಕಾಣದ ಪರಾವಲಂಬಿ) ಇದ್ರೆ ಮಾಮೂಲಿ ಹುಳದ ಔಷಧಿಗೆ ಬಗ್ಗಲ್ಲ. ಒಸಡು ಬೆಳ್ಳಗಿದ್ರೆ ಕೊಕ್ಕೆಹುಳ ಅಥವಾ ಚಿಗಟ ರಕ್ತ ಕುಡೀತಿರ್ಬಹುದು, ಅದು ಅವತ್ತೇ ನೋಡಿಸೋ ವಿಷಯ. ದುಂಡುಹುಳದ ಮೊಟ್ಟೆ ಮನುಷ್ಯರಿಗೂ ತೊಂದ್ರೆ ಮಾಡುತ್ತೆ, ಚಿಕ್ಕ ಮಕ್ಕಳಿರೋ ಮನೆಯಲ್ಲಿ ಕೈ ತೊಳೆಯೋದರಲ್ಲಿ ಉದಾಸೀನ ಮಾಡ್ಬೇಡಿ.

"ಚೆನ್ನಾಗಿ ತಿನ್ನುತ್ತೆ, ಹುಳಕ್ಕೂ ಔಷಧಿ ಆಗಿದೆ, ಆದ್ರೂ ಹಾಗೇ ಇದೆ"

ಇಲ್ಲಿಂದ ಮುಂದೆ ಮನೆಯಲ್ಲಿ ಮಾಡೋದು ಗಮನಿಸೋದಷ್ಟೇ, ಪತ್ತೆ ಮಾಡೋದು ವೆಟ್ ಕೆಲಸ. ಆದ್ರೆ ನೀವು ಏನು ಗಮನಿಸಿದ್ರಿ ಅನ್ನೋದರ ಮೇಲೆ ಅವರು ಎಲ್ಲಿಂದ ಶುರು ಮಾಡ್ತಾರೆ ಅನ್ನೋದು ನಿಂತಿರುತ್ತೆ.

ಊಟ ಆದ ಒಂದೆರಡು ಗಂಟೆಗೆ ಮಂಕಾಗಿ ಗೋಡೆಗೆ ತಲೆ ಒತ್ತಿ ನಿಲ್ಲೋದು, ಗೊತ್ತುಗುರಿ ಇಲ್ಲದೆ ಸುತ್ತೋದು, ನೀರು ಸಿಕ್ಕಾಪಟ್ಟೆ ಕುಡಿಯೋದು, ಜೊತೆಗೆ ಮೈ ಬೆಳೀದೇ ಇರೋದು, ಇವೆಲ್ಲ ಸೇರಿ ಕಂಡ್ರೆ ಲಿವರ್ ಶಂಟ್ ಅನುಮಾನ. ಕರುಳಿಂದ ಬರೋ ರಕ್ತ ಲಿವರ್ ಒಳಗೆ ಹೋಗದೆ ಪಕ್ಕದ ದಾರಿಯಲ್ಲಿ ಹೊರಟುಹೋಗುತ್ತೆ, ಯಾರ್ಕ್‌ಶೈರ್ ಟೆರಿಯರ್, ಮಾಲ್ಟೀಸ್ ಥರದ ಸಣ್ಣ ತಳಿಗಳಲ್ಲಿ ಇದು ಹುಟ್ಟಿನಿಂದಲೇ ಬರುತ್ತೆ. ಊಟಕ್ಕೆ ಮುಂಚೆ ಒಂದ್ಸಲ, ಎರಡು ಗಂಟೆ ಆದ್ಮೇಲೆ ಒಂದ್ಸಲ ರಕ್ತ ತೆಗೆದು ಬೈಲ್ ಆಸಿಡ್ ಟೆಸ್ಟ್ ಮಾಡ್ತಾರೆ.

ಹಾಲು ಕುಡಿಯೋವರೆಗೂ ಚೆನ್ನಾಗಿದ್ದು, ಗಟ್ಟಿ ಊಟ ಶುರು ಮಾಡಿದ್ಮೇಲೆ ತಿಂದಿದ್ದೆಲ್ಲ ಹಾಗೇ ಹೊರಗೆ ಬರ್ತಿದ್ರೆ ಅದು ವಾಂತಿನಾ ಅಂತ ಸರಿಯಾಗಿ ನೋಡಿ. ವಾಂತಿಯಾದ್ರೆ ಹೊಟ್ಟೆ ಎಳೆದು ಎಳೆದು ಕಕ್ಕುತ್ತೆ. ಏನೂ ಕಷ್ಟಪಡದೆ ತಲೆ ಬಗ್ಗಿಸಿದ ಕೂಡ್ಲೇ ಉಂಡೆಯಾಗಿ ಬಿದ್ರೆ ಊಟ ಹೊಟ್ಟೆಗೆ ಹೋಗೇ ಇಲ್ಲ, ಅನ್ನನಾಳದಲ್ಲೇ ಸಿಕ್ಕಿದೆ ಅಂತ. ಇದನ್ನ ಮೊಬೈಲಲ್ಲಿ ವಿಡಿಯೋ ಮಾಡಿ ತೋರ್ಸಿ, ಎಕ್ಸ್‌ರೇಗೆ ಮುಂಚೆನೇ ಅರ್ಧ ಉತ್ತರ ಸಿಗುತ್ತೆ. ಊಟ ಶ್ವಾಸಕೋಶಕ್ಕೆ ಹೋಗೋ ಅಪಾಯ ಇರೋದ್ರಿಂದ ಕೆಮ್ಮು ಜ್ವರ ಇದ್ರೆ ಕಾಯ್ಬೇಡಿ.

ಬೇಗ ಸುಸ್ತಾಗುತ್ತೆ, ಉಸಿರು ಜೋರು, ಎದೆ ಎಡಗಡೆ ಕೈ ಇಟ್ರೆ ಬಡಿತದ ಜೊತೆ ಗುಯ್ ಅಂತ ಕಂಪಿಸುತ್ತೆ ಅಂದ್ರೆ ಹೃದಯ ನೋಡಿಸ್ಬೇಕು, ಪಿಡಿಎ ಅನ್ನೋ ಹುಟ್ಟು ತೊಂದ್ರೆ (ಹುಟ್ಟಿದ್ಮೇಲೆ ಮುಚ್ಚಿಕೊಳ್ಬೇಕಾದ ರಕ್ತನಾಳ ತೆರೆದೇ ಉಳಿಯೋದು) ಪೊಮೇರಿಯನ್ ಮಾಲ್ಟೀಸ್ ಹೆಣ್ಣು ಮರಿಗಳಲ್ಲಿ ಕಾಣ್ಸುತ್ತೆ, ಬೇಗ ಸಿಕ್ರೆ ಮುಚ್ಚೋಕಾಗುತ್ತೆ. ತಲೆ ಅಗಲ, ಕಾಲು ಗಿಡ್ಡ, ಹಲ್ಲು ಬರೋದು ತಡ, ಯಾವಾಗ್ಲೂ ತೂಕಡಿಕೆ ಅಂದ್ರೆ ಥೈರಾಯ್ಡ್ ಟೆಸ್ಟ್. ಇವೆಲ್ಲ ಅಪರೂಪ, ಓದಿದ ತಕ್ಷಣ ನಿಮ್ಮ ಮರಿಗೂ ಇದೆ ಅಂದ್ಕೋಬೇಡಿ.

"ಟೀಕಪ್ ಅಂತ ಕೊಟ್ರು, ಸಣ್ಣದಾಗೇ ಇರ್ಲಿ ಅಂತ ಊಟ ಕಮ್ಮಿ ಕೊಡಿ ಅಂದ್ರು"

ಕೊಡಬೇಡಿ. ಟೀಕಪ್ ಅನ್ನೋ ತಳಿ ಯಾವ ದೊಡ್ಡ ಕೆನಲ್ ಕ್ಲಬ್ಬೂ ಒಪ್ಪಿಲ್ಲ, ಅದು ಮಾರೋಕೆ ಇಟ್ಟ ಹೆಸರು. ಎಲುಬಿನ ಗಾತ್ರ ಬಹುಪಾಲು ಜೀನ್‌ನಲ್ಲೇ ಬರೆದಿರುತ್ತೆ, ಹಸಿವಿಗೆ ಕೆಡವಿದ್ರೆ ಸಿಗೋದು ಪುಟ್ಟ ನಾಯಿ ಅಲ್ಲ, ಕಾಯಿಲೆ ನಾಯಿ. ಇಂಥ ಮರಿಗಳಿಗೆ ದೊಡ್ಡ ಅಪಾಯ ರಕ್ತದಲ್ಲಿ ಸಕ್ಕರೆ ಇಳಿಯೋದು, ಅದರಲ್ಲೂ ಮೂರ್ನಾಲ್ಕು ತಿಂಗಳು ತುಂಬೋ ಮುಂಚೆ. ಒಂದು ಊಟ ತಪ್ಪಿದ್ರೆ, ಚಳಿ ಆದ್ರೆ, ಜಾಸ್ತಿ ಆಡಿದ್ರೆ ಸಾಕು, ನಡುಕ, ಕುಡಿದವರ ಹಾಗೆ ನಡಿಗೆ, ಆಮೇಲೆ ಫಿಟ್ಸ್. ಜೇನುತುಪ್ಪ ಅಥವಾ ಸಕ್ಕರೆ ಪಾಕ ಬೆರಳಲ್ಲಿ ತಗೊಂಡು ಒಸಡಿಗೆ ಸವರಿ, ಬೆಚ್ಚಗೆ ಸುತ್ತಿ, ವೆಟ್ ಹತ್ರ ಹೊರಡಿ. ಪ್ರಜ್ಞೆ ಇಲ್ಲದ ಮರಿ ಬಾಯಿಗೆ ಏನೂ ಸುರೀಬೇಡಿ, ಶ್ವಾಸನಾಳಕ್ಕೆ ಹೋಗುತ್ತೆ, ಫಿಟ್ಸ್ ಇದ್ದಾಗ ಬಾಯೊಳಗೆ ಬೆರಳೂ ಬೇಡ. ಶುಗರ್ ಫ್ರೀ ಅಂತ ಬರೆದಿರೋದನ್ನಂತೂ ಮುಟ್ಟಲೇಬೇಡಿ, ಅದರಲ್ಲಿ ಕ್ಸೈಲಿಟಾಲ್ ಇದ್ರೆ ನಾಯಿಗೆ ವಿಷ. ಸವರಿದ್ಮೇಲೆ ಎದ್ದು ಓಡಾಡಿದ್ರೂ ತೋರ್ಸಿ, ಯಾಕೆ ಇಳೀತು ಅಂತ ಗೊತ್ತಾಗ್ಬೇಕಲ್ಲ.

ಚಿಹುವಾಹುವಾ ಮರಿ ನೆತ್ತಿಯಲ್ಲಿ ಮೆತ್ತಗಿನ ಜಾಗ ಸಿಕ್ರೆ ಅದೊಂದೇ ರೋಗ ಅಲ್ಲ. ಅದರ ಜೊತೆ ತಲೆ ಗುಮ್ಮಟದ ಹಾಗೆ ಉಬ್ಬಿ, ಕಣ್ಣು ಕೆಳಗೆ ಹೊರಗೆ ತಿರುಗಿ, ಹೇಳಿಕೊಟ್ಟಿದ್ದು ಏನೂ ಕಲೀತಿಲ್ಲ ಅಂದ್ರೆ ಮೆದುಳಲ್ಲಿ ನೀರು ತುಂಬಿದೆಯಾ ಅಂತ ನೋಡಿಸ್ಬೇಕು.

"ಬೆಳೀತಿದೆ, ಆದ್ರೆ ಕಾಲು ಸೊಟ್ಟ ಆಗ್ತಿದೆ"

ಸೋಫಾದಿಂದ ಇಲ್ಲಾ ಕೈಯಿಂದ ಬಿದ್ದಿತ್ತಾ ಅಂತ ಮೊದಲು ನೆನಪು ಮಾಡ್ಕೊಳ್ಳಿ. ಮುಂಗಾಲಲ್ಲಿ ಎರಡು ಎಲುಬು ಜೊತೆಜೊತೆಯಾಗಿ ಬೆಳೀಬೇಕು, ಪೆಟ್ಟು ಬಿದ್ದು ಒಂದರ ಬೆಳೆಯೋ ತುದಿ ಮುಚ್ಚಿಹೋದ್ರೆ ಇನ್ನೊಂದು ಬೆಳೀತಾ ಹೋಗಿ ಕಾಲು ಬಿಲ್ಲಾಗುತ್ತೆ. ಎರಡೂ ಕಾಲು ಬಾಗ್ತಿದ್ದು ಬರೀ ಮಾಂಸದ ಊಟ ಹಾಕ್ತಿದ್ರೆ ಕ್ಯಾಲ್ಸಿಯಂ ಕೊರತೆ ಇರ್ಬಹುದು. ಹಾಗಂತ ಕ್ಯಾಲ್ಸಿಯಂ ಪುಡಿ ತಂದು ಸುರಿಯೋದಲ್ಲ, ಸರಿಯಾದ ಮರಿ ಊಟಕ್ಕೆ ಬದಲಾಯಿಸ್ಬೇಕು, ಎಷ್ಟು ಹೇಗೆ ಅನ್ನೋದು ವೆಟ್ ಹೇಳ್ಲಿ. ಹಿಂಗಾಲಲ್ಲಿ ಒಂದನ್ನ ಎತ್ಕೊಂಡು ಕುಂಟ್ತಿದ್ರೆ, ಆ ತೊಡೆ ಸಣ್ಣಗಾಗ್ತಿದ್ರೆ ಎಕ್ಸ್‌ರೇ ಬೇಕು, ಪುಟಾಣಿ ತಳಿಗಳಲ್ಲಿ ಸೊಂಟದ ಕೀಲಿನ ಗುಂಡು ರಕ್ತ ಸಿಗದೆ ಹಾಳಾಗೋ ಕಾಯಿಲೆ ಬೆಳೆಯೋ ವಯಸ್ಸಲ್ಲೇ ಬರೋದು. ಮನುಷ್ಯರ ನೋವಿನ ಮಾತ್ರೆ ಒಂದು ಚೂರೂ ಕೊಡಬಾರದು. ಕಾಲಿನ ವಿಷಯದಲ್ಲಿ ತಡ ಮಾಡಿದಷ್ಟೂ ಸರಿ ಮಾಡೋದು ಕಷ್ಟ, ಬೆಳವಣಿಗೆ ಉಳಿದಿರೋವಾಗ ಮಾಡೋಕಾಗೋದು ಆಮೇಲೆ ಮಾಡೋಕಾಗಲ್ಲ.

"ಎತ್ತರ ನಿಂತು ಎಷ್ಟೋ ದಿನ ಆಯ್ತು, ತೂಕ ಮಾತ್ರ ಏರ್ತಾನೇ ಇದೆ"

ಭುಜದ ಮೇಲ್ಭಾಗದಿಂದ ನೆಲದವರೆಗೆ ಅಳತೆ ಮಾಡಿ, ತಿಂಗಳು ಬಿಟ್ಟು ಮತ್ತೆ ಮಾಡಿ. ಬದಲಾಗಿಲ್ಲ ಅಂದ್ರೆ ಎಲುಬಿನ ಕೆಲಸ ಮುಗೀತು, ಈಗ ಏರ್ತಿರೋದರಲ್ಲಿ ಸ್ವಲ್ಪ ಮಾಂಸಖಂಡ, ಮಿಕ್ಕಿದ್ದು ಕೊಬ್ಬು. ಪೂರ್ತಿ ಬೆಳೆದಿದ್ರೆ ಮರಿ ಊಟದಿಂದ ದೊಡ್ಡ ನಾಯಿ ಊಟಕ್ಕೆ ಒಂದು ವಾರದಲ್ಲಿ ನಿಧಾನವಾಗಿ ಬದಲಾಯಿಸಿ. ಮರಿ ಆಗದ ಹಾಗೆ ಆಪರೇಷನ್ ಮಾಡಿಸಿದ್ರೆ ಊಟ ಇನ್ನೂ ಹಿಡಿತದಲ್ಲಿರ್ಬೇಕು, ಅದರ ನಂತರ ಹಸಿವು ಜಾಸ್ತಿ, ಬೇಕಾಗೋ ಶಕ್ತಿ ಕಮ್ಮಿ. ಬಿಸ್ಕೆಟ್ಟು ಟ್ರೀಟು ಎಲ್ಲಾ ದಿನದ ಊಟದ ಹತ್ತರಲ್ಲಿ ಒಂದು ಪಾಲು ಮೀರ್ಬಾರದು, ಮನೆಯಲ್ಲಿ ನಾಲ್ಕು ಜನ ಇದ್ದು ಒಬ್ಬೊಬ್ರೂ "ಒಂದೇ ಒಂದು" ಕೊಟ್ರೆ 3 ಕೆಜಿ ನಾಯಿಗೆ ಅದೇ ಒಂದು ಹೊತ್ತಿನ ಊಟ. ಬೆಳಗ್ಗೆನೇ ಅವತ್ತಿನ ಟ್ರೀಟು ಒಂದು ಬಟ್ಟಲಿಗೆ ಹಾಕಿಟ್ಟು, ಕೊಡೋರೆಲ್ಲ ಅದರಿಂದಲೇ ಕೊಡಿ, ಬಟ್ಟಲು ಖಾಲಿ ಆದ್ರೆ ಅವತ್ತಿಗೆ ಮುಗೀತು.